ಗಾಳದ ವಿನೋದವೂ ಬಿಡಾರದ ಆಯ್ಕೆಯೂ

ಮನುಷ್ಯನು ದುಡಿಯುವಾಗ ತೋರುವ ವಿವೇಕವನ್ನು ವಿನೋದಕ್ಕೆ ಹೊರಟಾಗ ಮನೆಯಲ್ಲಿಯೇ ಬಿಟ್ಟು ಹೋಗುವದುಂಟು. ಹೊಲವನ್ನು ಲಾವಣಿಗೆ ಹಿಡಿಯುವಾಗ ನೆಲವೆಂಥದು, ಒಡೆಯನೆಂಥವನು ಎಂದು ಹತ್ತು ಕಡೆ ವಿಚಾರಿಸುವವನೇ, ವಿಹಾರಕ್ಕೆ ಬಿಡಾರ ಹುಡುಕುವಾಗ ಬಾಡಿಗೆ ಎಷ್ಟು, ಊಟ ಹೇಗೆ, ಕಿಟಕಿಯಿಂದ ಏನು ಕಾಣುತ್ತದೆ ಎಂಬಿಷ್ಟನ್ನು ಕೇಳಿ ತೃಪ್ತನಾಗುತ್ತಾನೆ. ನಮ್ಮ ಕೋಡ್ಲಾ, ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ಅನೇಕ ತರುಣರು ಈಗ ಬೆಂಗಳೂರು, ಹೈದರಾಬಾದಗಳಲ್ಲಿ ಉದ್ಯೋಗದಲ್ಲಿರುವರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ವಸಂತದ ಕೊನೆಯಲ್ಲಿ ಗೆಳೆಯರೊಡನೆ ನದೀತೀರಕ್ಕೆ ಹೋಗಿ, ಗಾಳದಿಂದ ಮೀನು ಹಿಡಿದು ಮರಳಿ ನೀರಿಗೆ ಬಿಡುವ ಆಟವನ್ನಾಡಬೇಕೆಂದು ಯೋಚಿಸಿ, "ಗುರುಗಳೇ, ಇದರಲ್ಲಿ ದೋಷವೇನಾದರೂ ಉಂಟೇ? ಇಲ್ಲವಾದರೆ ಎಂಥ ಬಿಡಾರವನ್ನು ಆರಿಸಿಕೊಳ್ಳಲಿ?" ಎಂದು ಕೇಳಿದನು. ಇವು ಎರಡು ಪ್ರಶ್ನೆಗಳಂತೆ ತೋರುತ್ತವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ಹೇಳಲಾಗದೆಂಬದನ್ನು ತೋರಿಸುವದೇ ಈ ಲೇಖನದ ಉದ್ದೇಶವು.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಹಕ್ಕಿಯ ಗರಿ, ಬಣ್ಣದ ನೂಲು ಮುಂತಾದವನ್ನು ಸಣ್ಣ ಗಾಳಕ್ಕೆ ಸುತ್ತಿ, ನೀರಿನ ಮೇಲೆ ಬೀಳುವ ನೊಣದಂತೆ ತೋರುವ ಹಾಗೆ ಕಟ್ಟುತ್ತಾರೆ. ಉದ್ದವಾದ ಬಳುಕುವ ಕೋಲಿನಿಂದ ದಾರವನ್ನು ಬೀಸಿ ಅದನ್ನು ಹೊಳೆಯ ಮೇಲೆ ಮೃದುವಾಗಿ ಇಳಿಸುತ್ತಾರೆ. ಮೀನು ಆಹಾರವೆಂದು ನಂಬಿ ಕಚ್ಚುತ್ತದೆ. ಗಾಳಗಾರನು ಅದನ್ನು ಆಡಿಸಿ, ದಣಿಸಿ, ದಡಕ್ಕೆ ತಂದು, ನೋಡಿ, ಮರಳಿ ನೀರಿಗೆ ಬಿಡುತ್ತಾನೆ. ಇದರಲ್ಲಿ ಕೈಯ ನೈಪುಣ್ಯವಿದೆ, ತಾಳ್ಮೆಯಿದೆ, ಪ್ರಕೃತಿಯ ನಿರೀಕ್ಷಣೆಯಿದೆ. ಇದನ್ನು ಒಪ್ಪಿಕೊಳ್ಳದೆ ನಿಂದಿಸುವದು ನ್ಯಾಯವಲ್ಲ.

ಗಾಳದ ವಿನೋದವು ಕೇವಲ ಪರದೇಶದ್ದೆಂದು ತಿಳಿಯುವವರಿಗೆ ಒಂದು ಮಾತು. ನಮಗೆ ನೆರೆಯದಾದ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಗಳ ಜಾತಿಭೇದಗಳು, ಅವುಗಳಿಗೆ ಒಡ್ಡುವ ಆಹಾರ, ಕೋಲು, ದಾರ, ಗಾಳ ಇವೆಲ್ಲವನ್ನೂ ಆ ರಾಜನು ಆಸಕ್ತಿಯಿಂದ ವಿವರಿಸಿದ್ದಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಭಾಗವನ್ನು ಇಂಗ್ಲಿಷಿನಲ್ಲಿ ವಿವರಿಸಿ ವಿದ್ವಜ್ಜಗತ್ತಿಗೆ ಪರಿಚಯಿಸಿದರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಸೋಮೇಶ್ವರನು ಇದನ್ನು ವಿನೋದಗಳ ಸಾಲಿನಲ್ಲಿಟ್ಟನು. ಸುಳ್ಳನ್ನೂ ಪರದ್ರೋಹವನ್ನೂ ಬಿಡಬೇಕೆಂದು ಹೇಳುವ ಮೊದಲ ಪ್ರಕರಣದಲ್ಲಿಡಲಿಲ್ಲ. ವಿನೋದವನ್ನು ವಿನೋದವೆಂದು ಕರೆಯುವ ಪ್ರಾಮಾಣಿಕತೆ ಆ ಕಾಲದ ಅರಸನಿಗಿತ್ತು. ಈ ಕಾಲದ ಗಾಳಗಾರನು ತನ್ನ ಆಟಕ್ಕೆ ದಯೆಯ ಹೆಸರನ್ನಿಡಲು ಹೊರಟಿರುವನು. ಅಲ್ಲಿಂದಲೇ ವಿಚಾರ ಮೊದಲಾಗುತ್ತದೆ.

"ಮೀನನ್ನು ಕೊಲ್ಲುವದಿಲ್ಲ, ಬಿಟ್ಟುಬಿಡುತ್ತೇವೆ, ಆದುದರಿಂದ ಹಿಂಸೆಯಿಲ್ಲ" ಎಂಬದು ಮೊದಲನೆಯ ವಾದವು. ಕೊಲ್ಲದಿರುವದು ಕೊಲ್ಲುವದಕ್ಕಿಂತ ಮೇಲೆಂಬದರಲ್ಲಿ ಸಂದೇಹವಿಲ್ಲ. ಆದರೆ ಹಿಂಸೆಯು ಮರಣದಲ್ಲಿಯೇ ಮುಗಿಯುವ ವಸ್ತುವಲ್ಲ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿಯೂ ಸಂಗಡಿಗರೂ ಟ್ರೌಟ್ ಮೀನುಗಳ ತುಟಿಗೆ ಉರಿಯುಂಟುಮಾಡುವ ದ್ರವವನ್ನು ಚುಚ್ಚಿ ಪರೀಕ್ಷಿಸಿದಾಗ, ಅವು ಬಹಳ ಹೊತ್ತು ಆಹಾರ ಬಿಟ್ಟವು, ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು. ಇದನ್ನು ನೋವೆನ್ನಬೇಕೋ ಬೇಡವೋ ಎಂದು ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಸಂದೇಹವಿರುವಲ್ಲಿ ನಮ್ಮ ಸುಖದ ಕಡೆಗೆ ತೀರ್ಪು ಹೇಳಿಕೊಳ್ಳುವದು ಮಾತ್ರ ನ್ಯಾಯಾಧೀಶನ ಲಕ್ಷಣವಲ್ಲ, ಕಕ್ಷಿದಾರನ ಲಕ್ಷಣವು.

"ಬೆಸ್ತನು ದಿನವೂ ಬಲೆಗಟ್ಟಲೆ ಮೀನು ಕೊಲ್ಲುವನಲ್ಲ, ಅವನನ್ನು ಬಿಟ್ಟು ನಮ್ಮನ್ನೇಕೆ ದೂರುವಿರಿ?" ಎಂಬದು ಎರಡನೆಯ ವಾದವು. ಕಾಗಿಣೆಯ ಮಡುವಿನಲ್ಲಿ ಬಲೆ ಬೀಸುವವನು ಮಕ್ಕಳ ತುತ್ತಿಗಾಗಿ ಬೀಸುತ್ತಾನೆ. ಅವನ ಕಾರ್ಯವನ್ನು ಅವನ ಹಸಿವು ಅಳೆಯುತ್ತದೆ. ಬುಟ್ಟಿ ತುಂಬಿದರೆ ಅವನು ಮನೆಗೆ ಹೋಗುತ್ತಾನೆ. ಬಿಡುವ ಗಾಳಗಾರನ ಬುಟ್ಟಿ ಎಂದೂ ತುಂಬುವದಿಲ್ಲ. ಜರ್ಮನಿ, ಸ್ವಿಟ್ಜರ್‌ಲೆಂಡ್ ದೇಶಗಳ ಕಾನೂನು ತಿನ್ನುವದಕ್ಕೆ ಹಿಡಿಯುವವನನ್ನು ತಡೆಯದೆ, ಬಿಡುವದಕ್ಕೆಂದೇ ಹಿಡಿಯುವವನನ್ನು ತಡೆಯುವದು ಕೇಳಲು ವಿಚಿತ್ರವೆನಿಸುತ್ತದೆ. ಆದರೆ ಅದರ ತರ್ಕವು ನಮ್ಮ ಧರ್ಮಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವಲ್ಲ: ಪ್ರಯೋಜನವಿಲ್ಲದ ಪೀಡೆಯು ಪ್ರಯೋಜನವುಳ್ಳದ್ದಕ್ಕಿಂತ ಹೆಚ್ಚು ದುಷ್ಟವಾದದ್ದು.

ಮೂರನೆಯ ವಾದವೇ ಬಲವಾದದ್ದು. "ಗಾಳಗಾರರಿರುವಲ್ಲಿ ನದಿಗೆ ಕಾವಲಿರುತ್ತದೆ" ಎಂಬದೇ ಅದು. ಇದಕ್ಕೆ ನಮ್ಮ ಕಾವೇರಿಯೇ ಉದಾಹರಣೆಯು. ಮಹಶೀರ್ ಎಂಬ ಮಹಾಮೀನಿನಿಂದ ಈ ನದಿಯು ಲೋಕದ ಗಾಳಗಾರರಲ್ಲಿ ಪ್ರಸಿದ್ಧವಾಯಿತು. 1946ರ ಮಾರ್ಚಿನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಾವೇರಿಯ ಉಪನದಿ ಕಪಿಲೆಯಲ್ಲಿ ಹಿಡಿದದ್ದು 120 ಪೌಂಡು ತೂಗಿತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರಕಾರದ ಒಡೆತನದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರಗಳು ಬೆಳೆದು, ಹಿಡಿದ ಮೀನನ್ನು ತೂಗಿ ಬಿಡುವ ಪದ್ಧತಿಯು ನೆಲೆಗೊಂಡಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ಸಿಡಿಮದ್ದು ಸಿಡಿಸಿ ಒಂದೇ ಏಟಿಗೆ ಇಡೀ ಮಡುವನ್ನೇ ಬರಿದು ಮಾಡುವವರಿಗೆ ಅವರ ಭಯವಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವದೂ 1972ರ ಕಾಯಿದೆಯ ಅರ್ಥದಲ್ಲಿ ಬೇಟೆಯೇ ಎಂಬ ವಿಚಾರವು ಮುಂದೆ ಬಂದು, 2010ರ ನಂತರದ ವರ್ಷಗಳಲ್ಲಿ ಅಲ್ಲಿ ಈ ಆಟ ನಿಂತಿತು. ಆಟದೊಡನೆ ಕಾವಲೂ ಹೋಯಿತೆಂದು ಗಾಳಗಾರರು ಮರುಗುತ್ತಾರೆ. ಅವರ ಮರುಕವನ್ನು ಸುಳ್ಳೆಂದು ತಳ್ಳಿಹಾಕಲಾಗದು. ಕೆಲವು ತುಟಿಗಳ ಗಾಯಕ್ಕಿಂತ ಒಂದು ಮಡುವಿನ ಸರ್ವನಾಶವು ದೊಡ್ಡದಲ್ಲವೇ?

ಆದರೆ ಇದೇ ಕಾವೇರಿಯ ಕಥೆಗೆ ಇನ್ನೊಂದು ಮುಖವಿದೆ. ಅದು ನಮ್ಮ ನಾಡಿಗೂ ಸಂಬಂಧಿಸಿದ್ದು. ನೀಲಿ ರೆಕ್ಕೆಯ ಮಹಶೀರನ್ನು ಶಾಸ್ತ್ರಜ್ಞನಾದ ಸೈಕ್ಸನು 1839ರಲ್ಲಿ ವರ್ಣಿಸಿದ್ದು ಪುಣೆಯ ಹತ್ತಿರದ ಮುಳಾ-ಮುಠಾ ನದಿಯಿಂದ. ಆ ನೀರು ಭೀಮೆಯನ್ನು ಸೇರುತ್ತದೆ. ನಮ್ಮ ಕಾಗಿಣೆಯೂ ಭೀಮೆಯನ್ನೇ ಸೇರುತ್ತದೆ. ಹೀಗೆ ಅದು ನಮ್ಮ ನದಿಕುಟುಂಬದ ಮೀನು. ಲೋಣಾವಳದ ಮೀನುಮರಿಗಳ ಕೇಂದ್ರದಲ್ಲಿ ಈ ಜಾತಿಯನ್ನು ಬೆಳೆಸಿ, ಮಹಶೀರಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ ದೂರದೂರದ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಗಾಳಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಹಿಡಿತದ ದಾಖಲೆಗಳನ್ನು ಪಿಂಡರ್ ಮೊದಲಾದ ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ಫಲವು ಕಂಡಿತು. ಮೀನುಗಳ ಒಟ್ಟು ಸಂಖ್ಯೆ ಏರಿತ್ತು; ಆದರೆ ಏರಿದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಕಾವೇರಿಯ ಸ್ವಂತದ್ದಾದ, ಗೂನುಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರು ಇಳಿಯುತ್ತ ಬಂದಿತ್ತು. ಆ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವು ನಿಶ್ಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜಾತಿಗಳ ಪಟ್ಟಿಯನ್ನೂ ಸೇರಿತು. ಲೋಕಪ್ರಸಿದ್ಧವಾದ ಪ್ರಾಣಿಯೊಂದು ಹೆಸರು ಪಡೆಯುವಷ್ಟರಲ್ಲಿಯೇ ಅಳಿವಿನ ಅಂಚಿಗೆ ಬಂದಿತು!

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸದುದ್ದೇಶವೊಂದೇ ಕಾರ್ಯವನ್ನು ಶುದ್ಧಗೊಳಿಸಲಾರದು, ಅದಕ್ಕೆ ಜ್ಞಾನವೂ ಬೇಕು ಎಂಬದು ಒಂದು. ಗಾಳಗಾರನ ಲೆಕ್ಕದ ಪುಸ್ತಕವಿಲ್ಲದಿದ್ದರೆ ಈ ಹಾನಿಯನ್ನು ಅಷ್ಟು ನಿಖರವಾಗಿ ತೋರಿಸುವದು ಕಷ್ಟವಾಗುತ್ತಿತ್ತು ಎಂಬದು ಇನ್ನೊಂದು. ಆದುದರಿಂದ ಈ ಆಟವನ್ನು ಕೇವಲ ಪಾಪವೆನ್ನುವವನೂ, ಕೇವಲ ಪರೋಪಕಾರವೆನ್ನುವವನೂ ಅರ್ಧವನ್ನೇ ಕಂಡವರು.

ಇನ್ನು ಬಿಡಾರದ ಮಾತು. ಯೋಗಶಾಸ್ತ್ರವು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸುತ್ತದೆ. ತಾನೇ ಮಾಡಿದ್ದು, ಮಾಡಿಸಿದ್ದು, ಆಗಲೆಂದು ಒಪ್ಪಿದ್ದು. ಗಾಳ ಹಿಡಿದ ಕೈಯಿಂದ ಆಗುವದು ಕೃತವು. ಆದರೆ ಬಿಡಾರದವನು ನಮ್ಮ ಹಣದಿಂದ ನದಿಗೆ ಏನು ಮಾಡುವನೋ ಅದು ಕಾರಿತವು. ಅವನು ಮಾಡುವದನ್ನು ಕಂಡೂ ಸುಮ್ಮನಿದ್ದು, ಮುಂದಿನ ವರ್ಷವೂ ಅಲ್ಲಿಗೇ ಹೋದರೆ ಅದು ಅನುಮೋದಿತವು. ಮೂರು ದಿನದಲ್ಲಿ ನಾಲ್ಕು ಮೀನು ಹಿಡಿದು ಬಿಟ್ಟವನ ಕೃತವು ಅಲ್ಪವಾಗಿರಬಹುದು. ಅವನ ಕಾರಿತವು ಆ ನದಿಯಷ್ಟೇ ಉದ್ದವಾಗಿರಬಹುದು. ಬಿಡಾರದ ಆಯ್ಕೆಯು ನೀತಿಯ ಪ್ರಶ್ನೆಯಾಗುವದು ಇಲ್ಲಿಯೇ.

ಹಾಗಾದರೆ ಹೋಗಲೇಬೇಕೆನ್ನುವವನು ಏನನ್ನು ಕೇಳಬೇಕು? ಮೊದಲನೆಯದು ಕಾಲವು. ವಸಂತದ ಕೊನೆ ಎಂದರೆ ವೈಶಾಖವು. ಆಗ ನಮ್ಮ ದಕ್ಷಿಣದ ನದಿಗಳು ಬತ್ತಿ ಮಡುಗಳಾಗಿರುತ್ತವೆ. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅಂಥ ನೀರಿನಲ್ಲಿ ದಣಿದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಬಾಡಿಗೆಯ ಆಸೆಗಾಗಿ ಆ ದಿನಗಳಲ್ಲಿಯೂ ಗಾಳ ಕೊಡುವ ಬಿಡಾರವನ್ನು ಬಿಡತಕ್ಕದ್ದು. ಹಿಮಾಚಲದ ತೀರ್ಥನ್ ಮೊದಲಾದ ತಣ್ಣನೆಯ ಹೊಳೆಗಳಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಟ್ರೌಟ್ ಹಿಡಿಯುವದಕ್ಕೆ ನಿಷೇಧವಿದ್ದು, ಅನಂತರ ಪರವಾನಗಿಯಿಂದ ಹಿಡಿಯಬಹುದು. ವೈಶಾಖದ ಆಟಕ್ಕೆ ಅಂಥ ಸ್ಥಳವೇ ಲೇಸು. ಎರಡನೆಯದು ಮೀನಿನ ಮೂಲವು. ಟ್ರೌಟ್ ಯುರೋಪಿನಿಂದ ತಂದು ಬಿಟ್ಟದ್ದು. ಅದನ್ನು ಹಿಮಾಲಯದ ಪುರಾತನ ಸಂಪತ್ತೆಂದು ಹೊಗಳುವ ಬಿಡಾರಕ್ಕೆ ತನ್ನ ಹೊಳೆಯೇ ತಿಳಿಯದು. ಮೂರನೆಯದು ಉಪಕರಣವು. ಹಿಂದಕ್ಕೆ ಚಾಚಿದ ಮುಳ್ಳಿಲ್ಲದ ಒಂಟಿ ಗಾಳವು ಬೇಗ ಕಳಚುತ್ತದೆ. ಚಿತ್ರ ತೆಗೆಯುವದಕ್ಕೆಂದು ಮೀನನ್ನು ಗಾಳಿಯಲ್ಲಿ ಹಿಡಿದು ನಿಲ್ಲುವದು ಅದರ ಉಸಿರನ್ನು ಹಿಡಿದು ನಿಲ್ಲುವದೇ ಸರಿ. ನಾಲ್ಕನೆಯದು ಜನರು. ದಡದ ಹಳ್ಳಿಯವರು ಅಲ್ಲಿ ಕೇವಲ ಪಾತ್ರೆ ತೊಳೆಯುವರೋ, ಇಲ್ಲವೆ ನದಿಯ ವಿಷಯದಲ್ಲಿ ಅವರ ಮಾತು ನಡೆಯುವದೋ? ಐದನೆಯದು ಲೆಕ್ಕವು. ಹಿಡಿದದ್ದನ್ನೂ ಸತ್ತದ್ದನ್ನೂ ಬರೆದಿಟ್ಟು, ಕೇಳಿದವರಿಗೆ ತೋರಿಸುವ ಬಿಡಾರವು ನಂಬತಕ್ಕದ್ದು. ಬಿಡಾರದ ಯಜಮಾನನು ಈ ಐದನ್ನು ಕೇಳಿ ಸಂತೋಷಪಟ್ಟರೆ ಅಲ್ಲಿ ಇಳಿಯಬಹುದು; ಬೇಸರಪಟ್ಟರೆ ಗಂಟು ಬಿಚ್ಚದೆ ಹಿಂದಿರುಗುವದೇ ಮೇಲು.

ಇಷ್ಟೆಲ್ಲ ಕೇಳಿ ಆರಿಸಿದ ಮೇಲೂ ಆಟವು ನಿರ್ದೋಷವಾಯಿತೇ ಎಂದರೆ, ಇಲ್ಲವೆಂದೇ ನನ್ನ ಉತ್ತರವು. ದೋಷವು ಕಡಿಮೆಯಾಯಿತು, ಸೊನ್ನೆಯಾಗಲಿಲ್ಲ. ಹಸಿದ ಪ್ರಾಣಿಗೆ ಸುಳ್ಳು ತುತ್ತನ್ನು ತೋರಿಸಿ ಅದರ ತಳಮಳವನ್ನು ಕೈಯಲ್ಲಿ ಅನುಭವಿಸುವ ಸುಖವು ಎಷ್ಟು ಸಂಸ್ಕರಿಸಿದರೂ ಸುಖವೇ ಹೊರತು ಧರ್ಮವಲ್ಲ. ಅದರಿಂದ ನದಿಗೆ ಒಳಿತಾದರೆ ಆ ಒಳಿತು ನದಿಗೆ ಸಲ್ಲುತ್ತದೆ. ಸಾಲವು ಗಾಳಗಾರನಲ್ಲಿಯೇ ಉಳಿಯುತ್ತದೆ. ಸಾಲವಿದೆಯೆಂದು ತಿಳಿದವನು ಮಿತಿಯಲ್ಲಿರುವನು, ಪ್ರತಿಯಾಗಿ ಏನನ್ನಾದರೂ ಮಾಡುವನು. ಪುಣ್ಯ ಮಾಡುತ್ತಿದ್ದೇನೆಂದು ತಿಳಿದವನಿಗೆ ಮಿತಿಯೇ ಇರದು.

ನದಿಯ ಮೀನನ್ನು ಪ್ರೀತಿಸುವದಕ್ಕೆ ಗಾಳವೇ ಬೇಕೆಂಬದೂ ನಿಜವಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳೆಂದು ಜನರು ಕೈಮುಟ್ಟದೆ ಬಿಟ್ಟ ಮಹಶೀರುಗಳು ಮೆಟ್ಟಿಲ ಹತ್ತಿರವೇ ಈಜಾಡುತ್ತವೆ. ಬಡವನೂ, ಬಾಲಕನೂ, ಮುದುಕನೂ ಅಲ್ಲಿ ನಿಂತು ಖರ್ಚಿಲ್ಲದೆ ನೋಡಬಹುದು. ಆದರೆ 1996ರಲ್ಲಿ ಶಿಶಿಲದ ಮೀನುಗಳಿಗೂ ಯಾರೋ ವಿಷವಿಕ್ಕಿದರು. ಭಕ್ತಿಯೊಂದೇ ಕಾವಲಾಗಲಾರದೆಂಬದನ್ನೂ ಮರೆಯಬಾರದು. ದಡದಲ್ಲಿ ಎಚ್ಚರವಾಗಿರುವ ಮನುಷ್ಯರು ಎಲ್ಲೆಡೆಯೂ ಬೇಕು.

ನಮ್ಮ ಸುಣ್ಣಗಲ್ಲಿನ ಸೀಮೆಯಲ್ಲಿ ಹರಿಯುವ ಕಾಗಿಣೆಗೆ ದೂರದ ಗಾಳಗಾರರು ಬರುವದಿಲ್ಲ; ಅದರ ದಡದಲ್ಲಿ ಅಂಥ ಬಿಡಾರಗಳೂ ಇಲ್ಲ. ಆದುದರಿಂದ ಅದರ ಮಡುಗಳಲ್ಲಿ ಯಾವ ಮೀನು ಉಳಿದಿದೆ, ಯಾವದು ಕಾಣೆಯಾಗಿದೆ ಎಂದು ಬರೆದಿಡುವ ಪುಸ್ತಕವೂ ಯಾವ ಬಿಡಾರದಲ್ಲಿಯೂ ಇರದು. ದೂರದ ಹೊಳೆಗೆ ಹೋಗಿ ಬರುವ ನಮ್ಮ ತರುಣರು ಅಲ್ಲಿ ಕಲಿತ ನಿರೀಕ್ಷಣೆಯನ್ನು, ಗಾಳವಿಲ್ಲದೆ, ಒಂದು ಲೇಖನಿಯೊಡನೆ ಮಳಖೇಡದ ದಡಕ್ಕೂ ತಂದರೆ, ಅವರು ಹೊತ್ತ ಸಾಲದಲ್ಲಿ ಒಂದಂಶವಾದರೂ ತೀರೀತು.