ದೂರದ ಬೆಟ್ಟವೂ ಹತ್ತಿರದ ಕಣ್ಣೂ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಎಚ್ಚರಿಕೆಯ ಮಾತಾಗಿಯೇ ಬಳಸಿಕೊಂಡು ಬಂದಿದ್ದಾರೆ. ಪರಸ್ಥಳದ ಸಂಬಳಕ್ಕೆ ಮನಸೋತು ಇದ್ದ ಕೆಲಸವನ್ನು ಬಿಟ್ಟು ಹೊರಟವನಿಗೂ, ಕಂಡರಿಯದ ಮನೆತನದ ವೈಭವವನ್ನು ಕೇಳಿ ಸಂಬಂಧ ಬೆಳಸಲು ಆತುರಪಟ್ಟವನಿಗೂ, ನೆರೆಯವನ ಬಾಳು ತನ್ನ ಬಾಳಿಗಿಂತ ಸುಖಮಯವೆಂದು ಕೊರಗುವವನಿಗೂ ಹೇಳತಕ್ಕ ಬುದ್ಧಿವಾದ ಅದು. ಹತ್ತಿರ ಹೋದರೆ ಕಲ್ಲುಂಟು, ಮುಳ್ಳುಂಟು, ಕಾಲು ಜಾರುವ ಕೊರಕಲುಂಟು ಎಂಬುದು ಅದರ ಅಭಿಪ್ರಾಯ. ಈ ಅರ್ಥದಲ್ಲಿ ದೂರದ ನೋಟವೆಂಬುದು ಭ್ರಾಂತಿ, ಸಮೀಪದ ನೋಟವೇ ಯಥಾರ್ಥ. ಲೋಕವ್ಯವಹಾರಕ್ಕೆ ಇಷ್ಟು ವ್ಯಾಖ್ಯಾನ ಸಾಕು. ಆದರೆ ಬೆಟ್ಟವನ್ನು ನೋಡುವುದನ್ನೇ ಕಾಯಕವಾಗಿ ಉಳ್ಳ ಒಂದು ವರ್ಗವೂ ಲೋಕದಲ್ಲುಂಟು. ತೈಲವರ್ಣದಲ್ಲಿ ನಿಸರ್ಗದೃಶ್ಯವನ್ನು ಚಿತ್ರಿಸುವವನಿಗೆ ಬೆಟ್ಟದ ಆ ನುಣುಪು ಕಳೆದುಕೊಳ್ಳಬೇಕಾದ ಭ್ರಮೆಯೆನಿಸದು. ತನ್ನ ಎಲ್ಲ ಪರಿಶ್ರಮದಿಂದ ಸಾಧಿಸಿಕೊಳ್ಳಬೇಕಾದ ಸತ್ಯವೆನಿಸುತ್ತದೆ. ಅವನ ಪಕ್ಕದಲ್ಲಿ ನಿಂತು ಈ ಗಾದೆಯನ್ನು ಇನ್ನೊಮ್ಮೆ ಓದಿದರೆ, ಅದರೊಳಗೆ ಬೆಟ್ಟದ ವಿಚಾರವೂ ಉಂಟು, ಬೆಟ್ಟವನ್ನು ಬಿಡಿಸುವವನ ವಿಚಾರವೂ ಉಂಟು ಎಂಬುದು ಗೋಚರವಾದೀತು.

ಈ ಪರೀಕ್ಷೆಗೆ ಚೆನ್ನೈ ನಗರದ ಗಿಂಡಿಯಂಥ ಸ್ಥಳ ಅನುಕೂಲವಾದದ್ದು. ಸುತ್ತಲೂ ಸಮತಟ್ಟಾದ ನೆಲ. ಒಂದು ಕಡೆ ಅಡ್ಯಾರು ಹೊಳೆ, ಇನ್ನೊಂದು ಕಡೆ ಕೃಷ್ಣಮೃಗಗಳೂ ಚುಕ್ಕೆಜಿಂಕೆಗಳೂ ಮೇಯುವ ಕುರುಚಲು ಕಾಡು. ನೈಋತ್ಯದಲ್ಲಿ, ತಮಿಳರು ಪರಂಗಿಮಲೈ ಎಂದೂ ಇಂಗ್ಲಿಷರು ಸೇಂಟ್ ಥಾಮಸ್ ಮೌಂಟ್ ಎಂದೂ ಕರೆದ ಒಂದು ಗುಡ್ಡ. ಸುಮಾರು 300 ಅಡಿಯ ಆ ಎತ್ತರವನ್ನು ಬೆಟ್ಟವೆಂದು ಒಪ್ಪಲು ಸಹ್ಯಾದ್ರಿಯನ್ನು ಕಂಡ ಕನ್ನಡಿಗನ ನಾಲಿಗೆ ತಡವರಿಸೀತು. ಬಯಲಿನವರಿಗೆ ಮಾತ್ರ ಅದೇ ಬೆಟ್ಟ. ಅದನ್ನು ನೋಡಿದ ಕಣ್ಣುಗಳು ಬಗೆಬಗೆಯವು. ಪೋರ್ಚುಗೀಸರು 1523ರಲ್ಲಿ ಅದರ ನೆತ್ತಿಯ ಮೇಲೆ ಇಗರ್ಜಿಯನ್ನು ಕಟ್ಟಿದಾಗ ಅದು ಭಕ್ತನ ಬೆಟ್ಟವಾಯಿತು. 1802ರ ಏಪ್ರಿಲ್ ತಿಂಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಮೋಜಣಿ ಅಧಿಕಾರಿ ಅದರ ಬಳಿಯಿಂದ ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲು ತೊಡಗಿ, ಎರಡು ವರ್ಷಗಳ ತರುವಾಯ ಅಂಥದೇ ಇನ್ನೊಂದು ರೇಖೆಯನ್ನು ನಮ್ಮ ಬೆಂಗಳೂರಿನಲ್ಲಿ ಅಳೆಯಿಸಿದಾಗ ಅದು ಗಣಿತಜ್ಞನ ಬೆಟ್ಟವಾಯಿತು. ಮದರಾಸಿನಲ್ಲಿ 1794ರಲ್ಲಿ ಆರಂಭವಾದ ಮೋಜಣಿ ಶಾಲೆಯೇ ಬೆಳೆದು ಎಂಜಿನಿಯರಿಂಗ್ ಕಾಲೇಜಾಗಿ 1920ರಲ್ಲಿ ಇದೇ ಗಿಂಡಿಗೆ ಬಂದು ನೆಲೆಸಿತೆಂಬುದನ್ನೂ ಇಲ್ಲಿ ನೆನೆಯಬಹುದು. ಅಳೆಯುವವನ ಕಣ್ಣಿಗೆ ಬೆಟ್ಟ ನುಣ್ಣಗೂ ಅಲ್ಲ, ಒರಟೂ ಅಲ್ಲ. ಅದೊಂದು ಬಿಂದು, ಒಂದು ಕೋನ. ಚಿತ್ರಕಾರನ ಕಣ್ಣು ಇವೆರಡಕ್ಕಿಂತ ಬೇರೆ. ಅವನಿಗೆ ಬೆಟ್ಟದಷ್ಟೇ ಮುಖ್ಯವಾದದ್ದು ತನಗೂ ಬೆಟ್ಟಕ್ಕೂ ನಡುವೆ ನಿಂತಿರುವ ಗಾಳಿ.

ಆ ಗಾಳಿಯೇ ನಮ್ಮ ಗಾದೆಯ ಮೊದಲನೆಯ ಅರ್ಥ. ಸೂರ್ಯನ ಬೆಳಕು ವಾಯುಮಂಡಲದಲ್ಲಿ ಹಾಯುವಾಗ ಅದರ ನೀಲಾಂಶ ಉಳಿದ ಬಣ್ಣಗಳಿಗಿಂತ ಹೆಚ್ಚಾಗಿ ಚದುರುತ್ತದೆ. ಹಾಗೆ ಚದುರಿದ ಬೆಳಕು ದೂರದ ಕಡುಬಣ್ಣದ ವಸ್ತುಗಳ ಮೇಲೆ ತೆಳುವಾದ ಪರದೆಯಾಗಿ ಕವಿಯುತ್ತದೆ. ಕಪ್ಪು ಕಪ್ಪಾಗಿ ಉಳಿಯದು, ಬಿಳುಪು ಬಿಳುಪಾಗಿ ಉಳಿಯದು. ಎರಡೂ ಒಂದನ್ನೊಂದು ಸಮೀಪಿಸಿ, ಬಂಡೆಯ ಬಿರುಕೂ ಪೊದೆಯ ನೆರಳೂ ಒಂದೇ ಮೈಯಲ್ಲಿ ಲೀನವಾಗುತ್ತವೆ. ಬೆಟ್ಟ ನುಣ್ಣಗಾಗುವುದೆಂದರೆ ಇದೇ. ನೀರಿನ ಕಣಗಳೂ ಧೂಳೂ ತುಂಬಿದ ಗಾಳಿಯಾದರೆ ಕಥೆ ಬೇರೆ. ಆ ದೊಡ್ಡ ಕಣಗಳು ಎಲ್ಲ ಬಣ್ಣಗಳನ್ನೂ ಸರಿಸುಮಾರು ಸಮವಾಗಿ ಚದುರಿಸುವುದರಿಂದ ದೂರವು ನೀಲಿಯಾಗುವುದರ ಬದಲು ಹಾಲುಬಿಳುಪಿಗೆ ತಿರುಗುತ್ತದೆ. ಆದ್ದರಿಂದಲೇ ಮಳೆ ತೊಳೆದ ಮಲೆನಾಡಿನಲ್ಲಿ ಸಾಲುಬೆಟ್ಟಗಳು ನೀಲಿಯ ಮೇಲೆ ನೀಲಿಯಾಗಿ ಹಿಂದೆ ಸರಿಯುತ್ತವೆ. ಸಮುದ್ರದ ತೇವವನ್ನೂ ಪೇಟೆಯ ಹೊಗೆಯನ್ನೂ ಹೊತ್ತ ಗಿಂಡಿಯ ಗಾಳಿಯಲ್ಲಿ ಪರಂಗಿಮಲೈ ಬೂದಿಬಣ್ಣಕ್ಕಿಳಿದು ಆಕಾಶದೊಡನೆ ಬೆರೆಯುತ್ತದೆ. ನುಣುಪು ಎರಡು ಕಡೆಯೂ ಉಂಟು. ಅದರ ಬಣ್ಣ ಮಾತ್ರ ಊರೂರಿಗೆ ಬೇರೆ.

ಇದನ್ನು ಕ್ಯಾನ್ವಾಸಿನ ಮೇಲೆ ತರುವ ಕ್ರಮವನ್ನು ತೈಲವರ್ಣಕಾರರು ಬಲ್ಲರು. ದೂರದ ಬೆಟ್ಟಕ್ಕೆ ಬಣ್ಣ ಕಲಸುವಾಗ ಬಿಳಿಯನ್ನು ಸೇರಿಸಿ, ಹಸುರಿನ ತೀಕ್ಷ್ಣತೆಯನ್ನು ಅದರ ವಿರೋಧವರ್ಣದಿಂದ ತಗ್ಗಿಸಿ, ಬೆಳಕು ನೆರಳುಗಳ ಅಂತರವನ್ನು ಕಿರಿದುಗೊಳಿಸುತ್ತಾರೆ. ಅಂಚನ್ನು ಒಣಕುಂಚದಿಂದ ಮೆಲ್ಲಗೆ ಸವರಿ ಆಕಾಶಕ್ಕೆ ಕೂಡಿಸುತ್ತಾರೆ. ದಪ್ಪ ಬಣ್ಣವೂ ಗಡಸು ಅಂಚೂ ಮುಂದಿನ ನೆಲಕ್ಕೆ, ಹತ್ತಿರದ ಮರಕ್ಕೆ, ಹೊಳೆಯ ದಡಕ್ಕೆ ಮೀಸಲು. ಹೀಗೆ ಬಯಲಿನಲ್ಲೇ ಕುಳಿತು ತೈಲದಲ್ಲಿ ಬಿಡಿಸುವ ಅನುಕೂಲವೂ ಬಹಳ ಹಳೆಯದೇನಲ್ಲ. 1792ರ ಸುಮಾರಿಗೆ ಮದರಾಸಿಗೆ ಬಂದು ಮೈಸೂರು ಸೀಮೆಯ ಗಿರಿದುರ್ಗಗಳವರೆಗೆ ಸಂಚರಿಸಿದ, ಮದರಾಸಿನ ಕುದುರೆಪಂದ್ಯದ ಮೈದಾನದಲ್ಲಿದ್ದ ಸಭಾಭವನವನ್ನೂ ಚಿತ್ರಿಸಿದ ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರಪುತ್ರ ವಿಲಿಯಂ ಸ್ಥಳದಲ್ಲಿ ರೇಖಾಚಿತ್ರಗಳನ್ನು ಬರೆದುಕೊಂಡು, ತೈಲಚಿತ್ರಗಳನ್ನು ಅವುಗಳ ಆಧಾರದಿಂದ ಅನಂತರ ರಚಿಸಿದರು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬನ್ನು ನಿರ್ಮಿಸಿದ ಬಳಿಕವೇ ಬಣ್ಣದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬೆಟ್ಟದೆದುರಿಗೆ ಹೋಗಿ ನಿಲ್ಲುವುದು ಸುಲಭವಾಯಿತು.

ಈಗ ಗಾದೆಯ ಎರಡನೆಯ ಅರ್ಥಕ್ಕೆ ಬರೋಣ. ಬೆಟ್ಟವು ದೂರದಲ್ಲಿದೆ, ಆದರೆ ಅದರ ಚಿತ್ರ ಚಿತ್ರಕಾರನ ಕೈಯಳತೆಯಲ್ಲಿದೆ. ಬೆಟ್ಟವನ್ನು ಗಾಳಿಯ ಮೂಲಕ ನೋಡಿದವನು ತನ್ನ ಚಿತ್ರವನ್ನು ನೋಡುವಾಗ ನಡುವೆ ಗಾಳಿಯೇ ಇಲ್ಲದಷ್ಟು ಸಮೀಪಕ್ಕೆ ಸರಿದಿರುತ್ತಾನೆ. ಒಲೆಯ ಮುಂದೆ ಬಹಳ ಹೊತ್ತು ನಿಂತ ನಾಲಿಗೆಗೆ ಉಪ್ಪಿನ ಅಳತೆ ತಪ್ಪುವಂತೆ, ಒಂದೇ ಕ್ಯಾನ್ವಾಸಿನ ಮುಂದೆ ಬಹಳ ಹೊತ್ತು ನಿಂತ ಕಣ್ಣಿಗೆ ವರ್ಣದ ಅಳತೆ ತಪ್ಪುತ್ತದೆ. ತಾನು ಮಾಡಬೇಕೆಂದು ಬಯಸಿದ್ದನ್ನೇ ತಾನು ಮಾಡಿದ್ದೇನೆಂದು ಅದು ಕಾಣತೊಡಗುತ್ತದೆ. ಈ ದೋಷವನ್ನು ಬಲ್ಲವರು ಪರಿಹಾರಗಳನ್ನೂ ಕಂಡುಕೊಂಡಿದ್ದಾರೆ. ಹತ್ತು ಹೆಜ್ಜೆ ಹಿಂದೆ ಸರಿದು ನೋಡುವುದು ಒಂದು; ಕಣ್ಣನ್ನು ಅರ್ಧ ಮುಚ್ಚಿ, ವಿವರಗಳನ್ನಳಿಸಿ, ಬೆಳಕು ನೆರಳುಗಳ ರಾಶಿಯನ್ನಷ್ಟೇ ಪರೀಕ್ಷಿಸುವುದು ಇನ್ನೊಂದು; ಚಿತ್ರವನ್ನು ಕೆಲವು ದಿನ ಗೋಡೆಯ ಕಡೆಗೆ ತಿರುಗಿಸಿಟ್ಟು ಮರೆಯುವುದು ಮತ್ತೊಂದು. ಇಟಲಿಯ ಲಿಯೊನಾರ್ಡೊ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಪ್ಪು ಹಿಡಿಯಬೇಕೆಂದೂ, ಕೆಲಸದ ನಡುವೆ ದೂರ ಹೋಗಿ ಮರಳಬೇಕೆಂದೂ, ಇತರರ ಅಭಿಪ್ರಾಯವನ್ನು ಮನಗೊಟ್ಟು ಕೇಳಬೇಕೆಂದೂ ಬರೆದಿಟ್ಟಿದ್ದಾನೆ. ಈ ಮೂರು ಉಪದೇಶಗಳ ತಾತ್ಪರ್ಯ ಒಂದೇ: ನಿನ್ನ ಚಿತ್ರ ನಿನಗೆ ದೂರದ ಬೆಟ್ಟವಾಗಲಿ.

ಕನ್ನಡಿಗಿಂತಲೂ ಮಿಗಿಲಾದದ್ದು ಸಹಕಲಾವಿದನ ಕಣ್ಣು. ಕನ್ನಡಿ ತೋರಿಸಬಲ್ಲುದು, ಕಾರಣ ಹೇಳಲಾರದು. ಮಲೆನಾಡಿನಲ್ಲಿ ಕೈ ಪಳಗಿಸಿಕೊಂಡ ಒಬ್ಬ ಚಿತ್ರಕಾರ ಗಿಂಡಿಗೆ ಬಂದು, ಅಭ್ಯಾಸಬಲದಿಂದ ಪರಂಗಿಮಲೈಗೂ ಕುದುರೆಮುಖದ ನೀಲಿಯನ್ನೇ ಹಚ್ಚಿದನೆಂದು ಭಾವಿಸೋಣ. ಚಿತ್ರ ಸುಂದರವಾಗಿಯೇ ಇದ್ದೀತು. ಅವನ ಕಣ್ಣಿಗೆ ಅದರಲ್ಲಿ ಕೊರತೆ ಕಾಣದು. ಪಕ್ಕದಲ್ಲಿ ಈಸಲ್ ಹೂಡಿರುವ, ಇದೇ ನೆಲದಲ್ಲಿ ಬೆಳೆದ ಮತ್ತೊಬ್ಬನು ಮಾತ್ರ, ‘ನಿಮ್ಮ ಗುಡ್ಡ ಮುಂದಕ್ಕೆ ಬಂದುಬಿಟ್ಟಿದೆ, ಸ್ವಾಮಿ, ಇಲ್ಲಿಯ ದೂರ ಅಷ್ಟು ನೀಲಿಯಲ್ಲ’ ಎಂದಾನು. ಆ ಮಾತಿನಲ್ಲಿ ನಿಂದೆಯೂ ಇಲ್ಲ, ಸ್ತುತಿಯೂ ಇಲ್ಲ. ಕಣ್ಣು ಎಲ್ಲಿ ತಡೆಯಿತೆಂಬುದೂ ಏಕೆ ತಡೆಯಿತೆಂಬುದೂ ಇವೆ. ಇಂಥ ವಿಮರ್ಶೆಯನ್ನು ಎರವಲು ದೊರೆತ ದೂರವೆನ್ನಬೇಕು. ಚಿತ್ರಕಾರನು ತಾನಾಗಿ ಸರಿಯಲಾರದ ಹೆಜ್ಜೆಗಳನ್ನು ಅವನ ಪರವಾಗಿ ಮತ್ತೊಬ್ಬನು ಹಿಂದೆ ಸರಿದು ನೋಡಿ ಹೇಳುತ್ತಾನೆ.

ಹಾಗೆ ಕೇಳಿದ್ದನ್ನು ಅಳವಡಿಸಿಕೊಳ್ಳಲು ತೈಲದಷ್ಟು ಒದಗಿಬರುವ ಮಾಧ್ಯಮ ಅಪೂರ್ವ. ಮೈಸೂರು ಅರಮನೆಯ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರು ನೀಲಗಿರಿಯ ಮೋಡ ಮಂಜುಗಳನ್ನು ಜಲವರ್ಣದಲ್ಲಿ ಹಿಡಿದರು. ಅಲ್ಲಿ ಹರಿದ ನೀರು ಒಣಗಿದ ಮೇಲೆ ತಿದ್ದುವುದು ಕಷ್ಟವಾದ್ದರಿಂದ ನಿಶ್ಚಯವೆಲ್ಲವೂ ಕುಂಚ ಕಾಗದಕ್ಕೆ ತಗಲುವ ಮೊದಲೇ ಆಗಿರತಕ್ಕದ್ದು. ಅಗಸೆ ಎಣ್ಣೆಯ ಬಣ್ಣ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಪದರಕ್ಕೇ ದಿನಗಳು ಹಿಡಿಯುವುದರಿಂದ ಇಂದು ಹಚ್ಚಿದ್ದನ್ನು ನಾಳೆ ಕೆರೆದು ತೆಗೆಯಬಹುದು, ಒಣಗಿದ ಮೇಲೆ ಇನ್ನೊಂದು ಪದರವನ್ನು ಹರಡಬಹುದು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಾಗಿರಬೇಕು, ಇಲ್ಲವಾದರೆ ಬಿರುಕು ಬಿಟ್ಟೀತು ಎಂಬ ನಿಯಮವೊಂದನ್ನು ಪಾಲಿಸಿದರಾಯಿತು. ಯೂರೋಪಿನ ಹಳೆಯ ಚಿತ್ರಗಳಲ್ಲಿ ಶತಮಾನಗಳು ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗಿ, ಕೆಳಗೆ ಮುಚ್ಚಿಹೋಗಿದ್ದ ಮೊದಲಿನ ಕೈಯೋ ಕುದುರೆಯ ಕಾಲೋ ಮೆಲ್ಲಗೆ ಮೇಲೇಳುವುದುಂಟು. ಮಹಾಚಾರ್ಯರೂ ಮನಸ್ಸು ಬದಲಾಯಿಸಿದ್ದರೆಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಬಂದವರೆಲ್ಲರ ಮಾತು ಕೇಳುತ್ತ ಹೋದರೆ ಚಿತ್ರ ಯಾರದಾದೀತು? ಈ ಆಕ್ಷೇಪ ಹಗುರವಾದದ್ದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರಕಾರನು ಒಂದೇ ಚಿತ್ರದಲ್ಲಿ ಆಚಾರ್ಯರು ರೇಖೆಯನ್ನೂ, ಬಲ್ಲವರು ನೆರಳು ಬೆಳಕಿನ ಕೆಲಸವನ್ನೂ, ಸ್ತ್ರೀಯರು ಆಭರಣಗಳನ್ನೂ, ಉಳಿದವರು ಬಣ್ಣದ ಸಮೃದ್ಧಿಯನ್ನೂ ಮೆಚ್ಚುತ್ತಾರೆಂದು ಹೇಳಿ, ನೋಡುವವರ ಕಣ್ಣು ಒಂದೇ ಆಗಿರದೆಂಬುದನ್ನು ಆಗಲೇ ಗುರುತಿಸಿದ್ದಾನೆ. ಇಂಗ್ಲೆಂಡಿನ ಕಾನ್‌ಸ್ಟೆಬಲ್ ಎಂಬ ನಿಸರ್ಗಚಿತ್ರಕಾರನಿಗೆ ಸರ್ ಜಾರ್ಜ್ ಬೋಮಂಟ್ ಎಂಬ ಶ್ರೀಮಂತ ರಸಿಕ, ದೃಶ್ಯಚಿತ್ರದ ಬಣ್ಣ ಹಳೆಯ ಪಿಟೀಲಿನ ಕಂದಿನಂತಿರಬೇಕೆಂದು ಉಪದೇಶಿಸಿದನಂತೆ. ಕಾನ್‌ಸ್ಟೆಬಲ್ ವಾದಿಸಲಿಲ್ಲ, ಒಂದು ಹಳೆಯ ಪಿಟೀಲನ್ನು ತಂದು ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟ. ಹುಲ್ಲು ಹಸುರಾಗಿತ್ತು. ಸಿದ್ಧಾಂತವನ್ನು ಈ ಕಥೆಯಿಂದಲೇ ಎತ್ತಿಕೊಳ್ಳಬಹುದು. ಹೇಳಿದವನ ಮಾತನ್ನು ಅವನ ಅಂತಸ್ತಿನಿಂದಾಗಲಿ ನಮ್ಮ ಅಭಿಮಾನದಿಂದಾಗಲಿ ತೂಗದೆ, ಎದುರಿಗಿರುವ ಪ್ರಕೃತಿಯೊಡನೆ ಇಟ್ಟು ನೋಡತಕ್ಕದ್ದು. ನಿಂತರೆ ಸ್ವೀಕರಿಸುವುದು, ನಿಲ್ಲದಿದ್ದರೆ ನಮಸ್ಕರಿಸಿ ಬಿಡುವುದು. ಫ್ರಾನ್ಸಿನ ಸೆಜಾನ್ ತನಗಿಂತ ಹಿರಿಯನಾದ ಪಿಸ್ಸಾರೊನ ಒಂದು ದೃಶ್ಯವನ್ನು ಪ್ರತಿ ಮಾಡಿ, ಅವನ ಜೊತೆಯಲ್ಲಿ ಬಯಲಿಗೆ ಹೋಗಿ, ತನ್ನ ಕಡುಬಣ್ಣಗಳನ್ನು ತಿಳಿಗೊಳಿಸಿಕೊಂಡ. ಹಾಗೆಂದು ಅವನು ಇನ್ನೊಬ್ಬ ಪಿಸ್ಸಾರೊ ಆಗಲಿಲ್ಲ.

ಇಂಥ ಸಹವಾಸಕ್ಕೆ ಒಂದು ಊರನ್ನೇ ಕಟ್ಟಿದ ನಿದರ್ಶನ ಗಿಂಡಿಗೆ ದೂರವೇನಲ್ಲ. ಎಳೆಯ ವಯಸ್ಸಿನಲ್ಲಿ ಭೂದೃಶ್ಯಗಳಿಂದಲೇ ಕಲಾಜೀವನವನ್ನಾರಂಭಿಸಿದ ಕೆ. ಸಿ. ಎಸ್. ಪಣಿಕ್ಕರ್ 1944ರಲ್ಲಿ ಮದರಾಸಿನ ಪ್ರಗತಿಶೀಲ ಚಿತ್ರಕಾರರ ಸಂಘವನ್ನು ಹುಟ್ಟುಹಾಕಿ, ಮುಂದೆ ಅಲ್ಲಿಯ ಕಲಾಶಾಲೆಯ ಮುಖ್ಯಸ್ಥರಾದರು. ಶಾಲೆ ಬಿಟ್ಟೊಡನೆ ತರುಣರು ಚದುರಿ ಹೋಗುವುದನ್ನು ಕಂಡು, ಅವರನ್ನು ಒಟ್ಟುಗೂಡಿಸಿ 1966ರಲ್ಲಿ ಇಂಜಂಬಾಕ್ಕಂ ಕಡಲತೀರದಲ್ಲಿ ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಸ್ಥಾಪಿಸಿದರು. ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾರಿ ಜೀವನ ಸಾಗಿಸುವುದು, ಉಳಿದ ವೇಳೆಯಲ್ಲಿ ಯಾರ ಹಂಗೂ ಇಲ್ಲದೆ ಚಿತ್ರ ಬರೆಯುವುದು, ಇದು ಅಲ್ಲಿಯ ವ್ಯವಸ್ಥೆಯಾಗಿತ್ತು. ಮೈಸೂರಿನಲ್ಲಿ ಹುಟ್ಟಿ, ಮದರಾಸಿನ ಕಲಾಶಾಲೆಯಲ್ಲಿ ಕಲಿತ ನಮ್ಮ ಎಸ್. ಜಿ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರು. ಮುಂದೆ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿದವರೂ ಅವರೇ. ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣುವ ಗ್ರಾಮದಲ್ಲಿದ್ದುಕೊಂಡೂ ವಾಸುದೇವರ ವೃಕ್ಷಗಳು ಪಣಿಕ್ಕರರ ಪದಸಂಕೇತಗಳ ಚಿತ್ರಗಳಂತೆ ಕಾಣುವುದಿಲ್ಲ. ಸಹವಾಸವು ಸ್ವಂತಿಕೆಯನ್ನು ನುಂಗುವುದೆಂದು ಅಂಜುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಗಾದೆಗೆ ಮೂರನೆಯ ಅರ್ಥವೊಂದು ಉಳಿದಿದೆ. ಅದು ನೋಡುಗರಾದ ನಮಗೆ ಸೇರಿದ್ದು. ದೂರದಿಂದ ಆಡಿದ ಹೊಗಳಿಕೆಯೂ ಕಿವಿಗೆ ನುಣ್ಣಗೇ ಇರುತ್ತದೆ. ಪ್ರದರ್ಶನಶಾಲೆಯ ಬಾಗಿಲಲ್ಲಿ ನಿಂತು ‘ಬಹಳ ಚೆನ್ನಾಗಿದೆ’ ಎಂದು ಹೇಳಿ ಹೊರಟುಹೋಗುವುದು ಸೌಜನ್ಯವಾದೀತು, ಸಹಾಯವಾಗದು. ಅದರಿಂದ ಚಿತ್ರಕಾರನ ಒಂದು ಅಂಚೂ ತಿದ್ದಿಕೊಳ್ಳುವುದಿಲ್ಲ. ಚಿತ್ರವನ್ನು ದೂರದಿಂದ ನೋಡುವ ಶಕ್ತಿ ನಮಗಿದೆ, ಅವನಿಗಿಲ್ಲ. ಮಾತನ್ನಾದರೂ ನಾವು ಹತ್ತಿರ ಬಂದು ಆಡಬೇಕು. ಆದುದರಿಂದ, ಯಾರಾದರೂ ತಮ್ಮ ಚಿತ್ರವನ್ನು ನಿಮ್ಮ ಮುಂದೆ ಹಿಡಿದು ‘ಹೇಗಿದೆ?’ ಎಂದು ಕೇಳಿದರೆ, ದಯವಿಟ್ಟು ಎರಡು ನಿಮಿಷ ನಿಲ್ಲಿ. ನಿಮ್ಮ ಕಣ್ಣು ಎಲ್ಲಿ ಸರಾಗವಾಗಿ ಹರಿಯಿತು, ಎಲ್ಲಿ ತಡೆಯಿತು ಎಂಬುದನ್ನು ನೇರವಾಗಿ ಹೇಳಿ. ಬಣ್ಣ ಇನ್ನೂ ಹಸಿಯಾಗಿರುವಾಗಲೇ ಹೇಳಿದರೆ ಇನ್ನೂ ಉತ್ತಮ.