ಎಲ್ಲರೂ ಓದುವ ಪತ್ರ

ಧ್ಯಾನದ ವಚನ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ, 3ನೇ ಅಧ್ಯಾಯ, 2 ಮತ್ತು 3ನೇ ವಚನಗಳು.



ಅಪೊಸ್ತಲರ ಕಾಲದಲ್ಲಿ ಒಬ್ಬನು ತನ್ನ ಊರನ್ನು ಬಿಟ್ಟು ಬೇರೊಂದು ಊರಿನ ಸಭೆಗೆ ಹೋಗುವಾಗ ಅವನ ಕೈಯಲ್ಲಿ ಒಂದು ಪರಿಚಯಪತ್ರವಿರುವದು ವಾಡಿಕೆಯಾಗಿತ್ತು. ಇವನು ನಂಬತಕ್ಕ ಮನುಷ್ಯನು, ಇವನಿಗೆ ಇಳುಕೊಳ್ಳಲು ಸ್ಥಳ ಕೊಡಿರಿ ಎಂದು ಆ ಪತ್ರವು ಹೇಳುತ್ತಿತ್ತು. ಕೊರಿಂಥದಲ್ಲಿ ಕೆಲವರು ಪೌಲನಿಂದಲೂ ಅಂಥ ಪತ್ರವನ್ನು ಬಯಸಿದ ಹಾಗೆ ತೋರುತ್ತದೆ. ಅದಕ್ಕೆ ಅವನು ಕೊಟ್ಟ ಉತ್ತರವೇ ನಮ್ಮ ಧ್ಯಾನದ ವಚನವು. ತನಗೆ ಬೇರೆ ಪತ್ರವು ಯಾತಕ್ಕೆ, ಕೊರಿಂಥದ ಸಭೆಯೇ ತನ್ನ ಪತ್ರ, ಅದನ್ನು ಬರೆಯಲು ಮಸಿ ಬೇಕಾಗಲಿಲ್ಲ, ಅದನ್ನು ಓದಲು ಯಾರಿಗೂ ಅಡ್ಡಿಯಿಲ್ಲ ಎಂಬದೇ ಅವನ ಮಾತಿನ ಸಾರಾಂಶ.

ಈ ವಚನವನ್ನು ಈ ತಿಂಗಳಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಜಕ್ಕಲಿ, ನರೇಗಲ್ಲು, ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಎರೆಹೊಲದ ಬದುವಿನ ಮೇಲೆ ನಿಂತವನು ಸಮುದ್ರದ ಆಚೆಯಲ್ಲಿರುವ ತನ್ನ ಮಗನ ಸಂಗಡ ಅದೇ ಗಳಿಗೆಯಲ್ಲಿ ಮಾತಾಡುವ ಕಾಲವನ್ನು ನಾವು ಕಂಡಿದ್ದೇವೆ. ನಮ್ಮ ಊರಿನ ಸುದ್ದಿಯನ್ನು ನಾವು ಎಂದೂ ನೋಡದ ಜನರು ಓದುತ್ತಾರೆ. ಹೀಗಿರಲಾಗಿ ಮೂರು ಸಂಗತಿಗಳನ್ನು ವಿಚಾರಿಸೋಣ: ಈ ದಾರಿಯು ಹೇಗೆ ತೆರೆಯಿತು? ಇದರಲ್ಲಿ ನಾವು ಕಳುಹಿಸುವ ಪತ್ರವು ಎಂಥದು? ಅದನ್ನು ಮೊದಲು ಓದುವವರು ಯಾರು?

ಮೊದಲನೆಯದಾಗಿ, ದಾರಿಯ ವಿಷಯ.

ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಪೌಲನು ಹೇಳಿದನು, ತೆರ್ತ್ಯನು ಬರೆದನು, ಫೊಯಿಬೆ ಎಂಬ ಸಹೋದರಿಯು ಒಯ್ದಳೆಂದು ಶಾಸ್ತ್ರ ಬಲ್ಲವರು ತಿಳಿಯುತ್ತಾರೆ. ಆಕೆ ನಡೆದ ರಾಜಮಾರ್ಗಗಳನ್ನು ರೋಮಿನ ಅರಸರು ತಮ್ಮ ದಂಡಿಗಾಗಿ ಮಾಡಿಸಿದ್ದರು. ದಂಡಿಗಾಗಿ ಮಾಡಿದ ದಾರಿಯ ಮೇಲೆ ಕೃಪೆಯ ಸುದ್ದಿಯು ನಡೆಯಿತು. ದೇವರು ಮನುಷ್ಯರ ಕೆಲಸವನ್ನು ಅವರು ಎಣಿಸದ ಉಪಯೋಗಕ್ಕೆ ತರುತ್ತಾನೆ.

ನಮ್ಮ ನಾಡಿನ ಕಥೆಯೂ ಹಾಗೆಯೇ. 1834ರ ಜುಲೈ ತಿಂಗಳಲ್ಲಿ ಹಡಗು ಹತ್ತಿದ ಬಾಸೆಲ್ ಮಿಶನಿನ ಮೊದಲನೆಯ ಮೂವರು ಬೋಧಕರು ಆಫ್ರಿಕ ಖಂಡವನ್ನು ಸುತ್ತಿಕೊಂಡು ಅಕ್ಟೋಬರದಲ್ಲಿ ನಮ್ಮ ಕರಾವಳಿಯನ್ನು ಮುಟ್ಟಿದರು. ಅವರು 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಕಾಲಿಟ್ಟ ಮೇಲೆ, ಇಲ್ಲಿಂದ ಒಂದು ಪ್ರಶ್ನೆ ಹೋಗಿ ಅದರ ಉತ್ತರ ತಿರಿಗಿ ಬರುವಷ್ಟರಲ್ಲಿ ಬಿತ್ತಿದ ಜೋಳವು ತೆನೆಗಟ್ಟುತ್ತಿತ್ತು. 1869ರಲ್ಲಿ ಸುಯೇಜ್ ಕಾಲುವೆಯು ತೆರೆಯಿತು. 1870ರಲ್ಲಿ ಸಮುದ್ರದೊಳಗೆ ಹಾಕಿದ ತಂತಿಯು ಮುಂಬಯಿಯನ್ನು ವಿಲಾಯತಿಗೆ ಜೋಡಿಸಿತು. ಆದರೆ ತಂತಿಗೆ ಮಾತಿನ ಲೆಕ್ಕದ ಮೇಲೆ ಹಣವಾದದರಿಂದ ಅದು ಸರಕಾರದವರಿಗೂ ವ್ಯಾಪಾರಿಗಳಿಗೂ ದಕ್ಕಿತೇ ಹೊರತು ಒಕ್ಕಲಿಗನಿಗೆ ದಕ್ಕಲಿಲ್ಲ. ಬಡವನ ಮನೆಗೆ ತಂತಿ ಬಂದರೆ ಒಡೆಯುವದಕ್ಕೆ ಮುಂಚೆಯೇ ಹೆಂಗಸರು ಅಳಲಾರಂಭಿಸುತ್ತಿದ್ದರು. ಯಾಕಂದರೆ ಸಾವಿನ ಸುದ್ದಿಯ ಹೊರತು ಬೇರೆ ಸುದ್ದಿಗೆ ಯಾರೂ ಅಷ್ಟು ಹಣವನ್ನು ಕೊಡುತ್ತಿರಲಿಲ್ಲ.

ಹಳ್ಳಿಗಳಿಗೆ ದೂರವಾಣಿಯು ಬಹು ಕಾಲ ಬಾರದೆ ಇದ್ದದ್ದಕ್ಕೆ ಒಂದು ಕಾರಣವು ತಿಳುಕೊಳ್ಳತಕ್ಕದ್ದಾಗಿದೆ. ಹೊರದೇಶದಿಂದ ತರಿಸಿದ ದೊಡ್ಡ ಯಂತ್ರಗಳಿಗೆ ತಂಪು ಕೋಣೆ ಬೇಕಾಗಿತ್ತು. ನಮ್ಮ ಬೇಸಗೆ, ನಮ್ಮ ಧೂಳಿ, ಹೊತ್ತಿಗೊಮ್ಮೆ ಹೋಗುವ ನಮ್ಮ ವಿದ್ಯುತ್ತು ಇವುಗಳನ್ನು ಅವು ತಾಳಲಾರದೆ ಇದ್ದವು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸಂಸ್ಥೆಯಲ್ಲಿ ನಮ್ಮ ದೇಶದ ತರುಣ ಎಂಜಿನಿಯರರು ತಂಪು ಕೋಣೆಯಿಲ್ಲದೆ ನಡೆಯುವ ಚಿಕ್ಕ ಯಂತ್ರವೊಂದನ್ನು ಹಳ್ಳಿಗಳಿಗೋಸ್ಕರವೇ ಮಾಡಿದರು. ಅದು ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ನಮ್ಮ ಉತ್ತರ ಕರ್ನಾಟಕದ ಕಿತ್ತೂರಿನಲ್ಲಿ. ಅಂಥ ಯಂತ್ರಗಳಿಂದ ಊರೂರಿಗೆ ತಂತಿ ಹಬ್ಬಿತು. 1995ರ ಆಗಸ್ಟ 15ರಂದು ಅಂತರಜಾಲವು ನಮ್ಮ ದೇಶದ ಸಾಮಾನ್ಯ ಜನರಿಗೆ ತೆರೆದಾಗ ಅದು ಆರಂಭದಲ್ಲಿ ನಡೆದದ್ದು ಈ ದೂರವಾಣಿಯ ತಂತಿಯ ಮೇಲೆಯೇ.

ಆದರೂ ಇನ್ನೊಂದು ಬಾಗಲು ಮುಚ್ಚಿತ್ತು. ಗಣಕಯಂತ್ರವು ಇಂಗ್ಲಿಷ್ ಅಕ್ಷರಗಳನ್ನು ಬಲ್ಲದು, ಕನ್ನಡವನ್ನು ಅರಿಯದು. ಯಂತ್ರಕ್ಕೆ ಪ್ರತಿಯೊಂದು ಅಕ್ಷರವೂ ಒಂದು ಸಂಖ್ಯೆಯಷ್ಟೆ. ಆದದರಿಂದ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡ ರೂಪಗಳನ್ನು ತೊಡಿಸಿ ಕೆಲಸ ಸಾಗಿಸುತ್ತಿದ್ದರು. ಈ ತೊಡಿಗೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಮಾಡಿದ್ದರಿಂದ ಒಬ್ಬನು ಪ್ರೀತಿಯಿಂದ ಬರೆದದ್ದು ಮತ್ತೊಬ್ಬನ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಅಂಥ ದಿವಸಗಳಲ್ಲಿಯೇ, 1996ರಲ್ಲಿ, ಡಾ. ಯು. ಬಿ. ಪವನಜರು ‘ವಿಶ್ವ ಕನ್ನಡ’ವೆಂಬ ಪತ್ರಿಕೆಯನ್ನು ಅಂತರಜಾಲದಲ್ಲಿ ಪ್ರಕಟಿಸಿದರು, ದೂರದೇಶಗಳಲ್ಲಿದ್ದ ಕನ್ನಡಿಗರು ತಮ್ಮ ಮನೆಯ ಮಾತನ್ನು ಓದಿದರು. 1998ರಲ್ಲಿ ಅಮೇರಿಕದಲ್ಲಿದ್ದ ಶೇಷಾದ್ರಿವಾಸು ಅವರು ‘ಬರಹ’ವೆಂಬ ಸಾಧನವನ್ನು ಮಾಡಿಕೊಟ್ಟರು. ಲೋಕದ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಗೊತ್ತುಮಾಡಿದ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಳ ದೊರಕಿತ್ತು. ಅದು ಮನೆಯ ಯಂತ್ರಗಳಿಗೆ ಇಳಿದದ್ದು 2001ರ ತರುವಾಯ. ಹೀಗೆ ಕಳುಹಿಸುವವನೂ ಓದುವವನೂ ಒಂದೇ ಗುರುತಿಗೆ ಒಂದೇ ಅಕ್ಷರವೆಂದು ಒಪ್ಪಿದ ಮೇಲೆಯೇ ಪತ್ರವು ಪತ್ರವಾಯಿತು. ಇದನ್ನು ನೆನಪಿನಲ್ಲಿಡಿರಿ, ಮುಂದಿನ ಮಾತಿಗೆ ಇದು ಬೇಕಾಗುವದು.

ಎರಡನೆಯದಾಗಿ, ಪತ್ರದೊಳಗೆ ಬರೆದದ್ದರ ವಿಷಯ.

ನಮ್ಮ ಜನರ ಸುದ್ದಿಯನ್ನು ದೂರದೇಶದವರು ಓದುವದು ಹೊಸ ಸಂಗತಿಯಲ್ಲ. ಬಾಸೆಲಿನಲ್ಲಿ 1828ರಿಂದ ಹೊರಡುತ್ತಿದ್ದ ಮಿಶನ್ ಪತ್ರಿಕೆಯೊಂದರಲ್ಲಿ ನಮ್ಮ ಕನ್ನಡ ಸೀಮೆಯ ವರ್ತಮಾನಗಳೂ ಅಚ್ಚಾಗುತ್ತಿದ್ದವು. ಓದಿದವರಲ್ಲಿ ಬಡವರೂ ಕೂಲಿಯವರೂ ಇದ್ದರು. 1855ರಲ್ಲಿ ಅಲ್ಲಿ ಒಂದು ಏರ್ಪಾಡು ಆರಂಭವಾಯಿತು: ವಾರಕ್ಕೆ ಒಂದು ಅತಿ ಚಿಕ್ಕ ನಾಣ್ಯ, ಅರ್ಧ ಬಾಟ್ಸನ್ ಮಾತ್ರ, ಮನೆಮನೆಯಿಂದ ಕೂಡಿಸುವದು. ಆ ಚಿಲ್ಲರೆ ಕಾಸು ಇಲ್ಲಿ ಶಾಲೆಯಾಯಿತು, ಮದ್ದಾಯಿತು. ಕಾಣದವರಿಗಾಗಿ ಕೊಟ್ಟ ಆ ಬಡವರ ಉಪಕಾರವನ್ನು ನಾವು ಮರೆಯಲಾಗದು.

ಆದರೂ ಒಂದು ಮಾತನ್ನು ಸತ್ಯಕ್ಕಾಗಿ ಹೇಳತಕ್ಕದ್ದು. ಆ ಪತ್ರಗಳಲ್ಲಿ ನಮ್ಮ ಅಜ್ಜ ಮುತ್ತಜ್ಜರು ವರ್ಣಿಸಲ್ಪಟ್ಟವರೇ ಹೊರತು ಬರೆದವರು ಅಪರೂಪ. ತಮ್ಮ ವಿಷಯವಾಗಿ ಜರ್ಮನ್ ಭಾಷೆಯಲ್ಲಿ ಏನು ಅಚ್ಚಾಯಿತೆಂದು ಓದಿ, “ಅಯ್ಯಗಳೇ, ಇದು ಹೀಗಲ್ಲ, ಹೀಗೆ” ಎಂದು ತಿದ್ದುವ ದಾರಿ ಅವರಿಗಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯುಂಟಷ್ಟೆ. ದೂರದ ಓದುವವನಿಗೆ ನಮ್ಮ ಊರು ಬರೀ ಕತ್ತಲೆಯಾಗಿ ಕಂಡೀತು, ಇಲ್ಲವೆ ಬರೀ ಬೆಳಕಾಗಿ ಕಂಡೀತು. ಅದರ ಕಲ್ಲುಮುಳ್ಳುಗಳೂ ಗಿಡಮರಗಳೂ ಕಾಣವು. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರ ಸಂಗಡ ಬಾಸೆಲಿಗೆ ಹೋಗಿ, ಅಲ್ಲಿ ಕಲಿತು, 1851ರಲ್ಲಿ ದೀಕ್ಷೆ ಹೊಂದಿ ತಿರಿಗಿ ಬಂದರು. ಕನ್ನಡ ನಾಡಿನವನೊಬ್ಬನು ಅಲ್ಲಿಯವರ ಎದುರಿನಲ್ಲಿ ನಿಂತು ಬಾಯಿಬಿಟ್ಟು ಮಾತಾಡಿದ್ದು ಅಂಥ ವಿರಳ ಪ್ರಸಂಗಗಳಲ್ಲಿ.

ಆ ಕಾಲದ ಚಿತ್ರಗಳನ್ನು ಬಾಸೆಲಿನ ದಫ್ತರದವರು ಸಾವಿರ ಸಾವಿರವಾಗಿ ಅಂತರಜಾಲದಲ್ಲಿ ತೆರೆದಿಟ್ಟಿದ್ದಾರೆ. ನಮ್ಮ ಮಕ್ಕಳು ಕೈಯೊಳಗಿನ ದೂರವಾಣಿಯಲ್ಲಿ ಅವನ್ನು ನೋಡಬಹುದು. ನೋಡಿದರೆ ಒಂದು ಸಂಗತಿ ಮನಸ್ಸಿಗೆ ತಾಗುತ್ತದೆ: ಎಷ್ಟೋ ಚಿತ್ರಗಳಲ್ಲಿ ಸಾಹೇಬರ ಹೆಸರುಂಟು, ಪಕ್ಕದಲ್ಲಿ ನಿಂತ ನಮ್ಮವರ ಹೆಸರಿಲ್ಲ. ಮನುಷ್ಯರ ದಫ್ತರದಲ್ಲಿ ಹೆಸರು ಬಿಟ್ಟುಹೋದರೂ ಜೀವಗ್ರಂಥದಲ್ಲಿ ಬಿಟ್ಟುಹೋಗದೆಂಬದು ನಮ್ಮ ಸಮಾಧಾನ.

ಪ್ರಿಯರೇ, ಈಗ ಲೇಖನಿಯು ನಮ್ಮ ಕೈಗೆ ಬಂದಿದೆ. ನಾವೇ ಬರೆಯುತ್ತೇವೆ, ನಮ್ಮ ಚಿತ್ರವನ್ನು ನಾವೇ ಕಳುಹಿಸುತ್ತೇವೆ. ಹಾಗಾದರೆ ಸತ್ಯವನ್ನು ಬರೆಯುತ್ತೇವೋ? ಎರಡು ಶೋಧನೆಗಳು ನಮ್ಮ ಎದುರಿನಲ್ಲಿ ಇವೆ. ಒಂದು, ದೂರದವರ ಕನಿಕರವನ್ನು ಗಳಿಸುವದಕ್ಕಾಗಿ ಇರುವ ಬಡತನವನ್ನು ಇಮ್ಮಡಿ ಮಾಡಿ ತೋರಿಸುವದು. ಹಾಸಿಗೆ ಹಿಡಿದವನ ಚಿತ್ರವನ್ನೂ ಹರಕು ಅಂಗಿಯ ಕೂಸಿನ ಚಿತ್ರವನ್ನೂ ಅವರನ್ನು ಕೇಳದೆ ಕಳುಹಿಸಿ ಹಣವನ್ನು ಬೇಡುವದು. ಇನ್ನೊಂದು, ಹೊಗಳಿಕೆಯನ್ನು ಗಳಿಸುವದಕ್ಕಾಗಿ ಇಲ್ಲದ ಐಕ್ಯವನ್ನೂ ಆಗದ ಕೆಲಸವನ್ನೂ ಆಗಿದೆಯೆಂದು ಬರೆಯುವದು. ಮೊದಲನೆಯದು ನೆರೆಯವನ ಮಾನವನ್ನು ಮಾರುತ್ತದೆ. ಎರಡನೆಯದು ನಮ್ಮ ಆತ್ಮವನ್ನೇ ಮಾರುತ್ತದೆ. ಅಕ್ಷರಕ್ಕೆ ಅದರದೇ ಸಂಖ್ಯೆಯಿಲ್ಲದಿದ್ದರೆ ಪತ್ರವು ಗೀಟುಗಳಾಗುವಂತೆ, ಮಾತಿಗೆ ಅದರದೇ ಅರ್ಥವಿಲ್ಲದಿದ್ದರೆ ಪ್ರೀತಿಯು ಮೋಸವಾಗುವದು.

ಇದಕ್ಕೆ ಒಂದು ಒರೆಗಲ್ಲನ್ನು ಹೇಳುತ್ತೇವೆ. ದೂರದೇಶಕ್ಕೆ ಕಳುಹಿಸುವ ಬರಹವನ್ನು ನಮ್ಮೂರ ಚಾವಡಿಯ ಕಟ್ಟೆಯ ಮೇಲೆ, ಅದರಲ್ಲಿ ಹೆಸರು ಬಂದವರ ಎದುರಿನಲ್ಲಿ, ಗಟ್ಟಿಯಾಗಿ ಓದಬಹುದೋ? ಓದಬಹುದಾದರೆ ಕಳುಹಿಸಿರಿ. ನಾಲಿಗೆ ತಡವರಿಸುವದಾದರೆ ಹರಿದು ತಿರಿಗಿ ಬರೆಯಿರಿ.

ಮೂರನೆಯದಾಗಿ, ಓದುವವರ ವಿಷಯ.

ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಇರಲಾರರು. ಕನ್ನಡ ಮಾತಾಡುವ ಜನರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದಾಗ ಅವರು ಒಂದಾಗಬೇಕೆಂದು ಮುಂಬಯಿಯ ಶಾಸನಸಭೆಯಲ್ಲಿಯೂ ಹೊರಗೂ ದುಡಿದವರಲ್ಲಿ ಅವರು ಒಬ್ಬರು. 1956ರ ನವೆಂಬರ 1ರಂದು ಆ ಗಡಿಗಳು ಅಳಿದವು. ಆಮೇಲೆ ಬಂದ ತಂತಿಯು ದೇಶದೇಶಗಳ ಗಡಿಯನ್ನೂ ಚಿಕ್ಕದು ಮಾಡಿತು. ಆದರೆ ಒಂದೇ ಊರಿನ ಎರಡು ಓಣಿಗಳ ನಡುವೆ ಇರುವ ಗಡಿಯನ್ನು ಯಾವ ತಂತಿಯು ಅಳಿಸೀತು? ಅಮೇರಿಕದಲ್ಲಿರುವ ಅಳಿಯನ ಮನೆಯಲ್ಲಿ ಇವತ್ತು ಏನು ಅಡಿಗೆಯೆಂದು ಬಲ್ಲೆವು; ಕೆಳಗಿನ ಓಣಿಯ ಮುದುಕಿಯ ಒಲೆ ಎರಡು ದಿವಸದಿಂದ ಹೊತ್ತಲಿಲ್ಲವೆಂಬದನ್ನು ಅರಿಯೆವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಮದ್ದಿಗೆ ಮಾತ್ರವಲ್ಲ, ನೆರೆಯವರಿಗೂ ಸಲ್ಲುತ್ತದೆ.

ಇಲ್ಲಿ ಕೋಲಾರ ಸೀಮೆಯ ಬೂದಿಕೋಟೆಯ ಉದಾಹರಣೆಯನ್ನು ಕೊಡುತ್ತೇವೆ. ಆ ಊರಿನ ಸುತ್ತಮುತ್ತಲಿನ ಸಂಘಗಳ ಹೆಂಗಸರು ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳ ಹಾಗೂ ಯುನೆಸ್ಕೋದ ಸಹಾಯದಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ನಡಿಸಿದರು. ಹಳ್ಳಿಯ ಸಂಘಗಳಿಗೆ ಆಕಾಶದಲ್ಲಿ ಧ್ವನಿ ಬಿತ್ತರಿಸುವ ಅಪ್ಪಣೆಯು 2006ರ ತನಕ ಇರಲಿಲ್ಲವಾದದರಿಂದ ಅವರು ಮನೆಗಳಿಗೆ ತಂತಿಯನ್ನು ಎಳೆದು ಅದರ ಮೂಲಕ ತಮ್ಮ ಮಾತನ್ನು ಕೇಳಿಸಿದರು. 2003ರ ಹೊತ್ತಿಗೆ ಅಲ್ಲಿ ಗಣಕಯಂತ್ರಗಳೂ ಇದ್ದವು. ಗಮನಿಸಿರಿ: ಅವರು ಮೊದಲು ಮಾತಾಡಿದ್ದು ತಮ್ಮ ಊರಿನ ಸಂಗಡ, ತಮ್ಮ ಊರಿನ ಮಾತಿನಲ್ಲಿ. ಹೊರದೇಶದವರು ಅದನ್ನು ಕುರಿತು ಓದಿದ್ದೂ ಬರೆದದ್ದೂ ಆಮೇಲೆ. ಹತ್ತಿರದವರಿಗೆ ಉಪಯೋಗವಾದದ್ದು ತಾನಾಗಿಯೇ ದೂರಕ್ಕೆ ತಲಪಿತು.

ಇದೇ ಪೌಲನ ಮಾತಿನ ಗುಟ್ಟು. ಕೊರಿಂಥವೆಂಬ ಪತ್ರವನ್ನು ಮೊದಲು ಓದಿದವರು ಕೊರಿಂಥದವರೇ: ಅಲ್ಲಿಯ ಅಂಗಡಿಯವರು, ದಾಸರು, ಹಡಗಿನ ಕೂಲಿಯವರು. ಸಭೆಯಲ್ಲಿ ಧನಿಕನು ಮೊದಲು ಉಂಡು ಬಡವನು ಹಸಿದು ಕೂತಾಗ ಆ ಪತ್ರದ ಮೇಲೆ ಕಲೆ ಬಿದ್ದಿತು; ಅದನ್ನು ಅವನು ಮೊದಲನೆಯ ಪತ್ರಿಕೆಯಲ್ಲಿ ಖಂಡಿಸಿದನು. ನಮ್ಮ ಪತ್ರವನ್ನೂ ಹಾಗೆಯೇ ಓದುತ್ತಾರೆ. ನೀರಿನ ಸರದಿಯಲ್ಲಿ ಯಾರನ್ನು ಮುಂದಕ್ಕೆ ಬಿಡುತ್ತೇವೆ, ಕಣದಲ್ಲಿ ಕೂಲಿಯನ್ನು ಎಂದು ಕೊಡುತ್ತೇವೆ, ಸೊಸೆಯ ಸಂಗಡ ಹೇಗೆ ಮಾತಾಡುತ್ತೇವೆ ಎಂಬವೇ ಅದರ ಸಾಲುಗಳು. ಬರೆಯಲು ಬಾರದ ಮುದುಕಪ್ಪನೂ ಈ ಪತ್ರವನ್ನು ಬರೆಯುತ್ತಾನೆ, ಓದಲು ಬಾರದವನೂ ಇದನ್ನು ಓದುತ್ತಾನೆ.

ಆದಕಾರಣ ಪ್ರಿಯರೇ, ಈ ದಾರಿಯನ್ನು ಸ್ತೋತ್ರದಿಂದ ಉಪಯೋಗಿಸೋಣ. ಕಲಿತ ಮಕ್ಕಳು ಮನೆಯ ಹಿರಿಯರ ಪಕ್ಕದಲ್ಲಿ ಕೂತು ಅವರ ಮಾತನ್ನು ಅವರು ಹೇಳಿದ ಹಾಗೆಯೇ ಬರೆದು ಕಳುಹಿಸಲಿ, ಬಂದ ಉತ್ತರವನ್ನು ಪೂರ್ಣವಾಗಿ ಓದಿ ಹೇಳಲಿ. ಹಳೆಯ ಚಿತ್ರಗಳಲ್ಲಿ ಯಾರದಾದರೂ ಗುರುತು ಹತ್ತಿದರೆ ಹೆಸರನ್ನು ಬರೆದಿಡಿರಿ. ದೂರದಿಂದ ಸಹಾಯ ಬಂದರೆ ಅದರ ಲೆಕ್ಕವನ್ನು ಸಭೆಯ ಎದುರಿನಲ್ಲಿ ಓದಿರಿ. ದೂರಕ್ಕೆ ಒಂದು ಮಾತನ್ನು ಕಳುಹಿಸಿದ ದಿವಸ ಹತ್ತಿರದ ಒಂದು ಬಾಗಲನ್ನೂ ತಟ್ಟಿರಿ. ಯೋಹಾನನು ತನ್ನ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಬರೆಯತಕ್ಕದ್ದು ಬಹಳವಿದ್ದರೂ ಎದುರಾಗಿ ಕಂಡು ಮಾತಾಡುವದನ್ನೇ ಬಯಸಿದನು. ಕಾಗದದಿಂದ ಆಗದ ಕೆಲಸವೊಂದುಂಟೆಂದು ಅವನು ಬಲ್ಲನು.

ಮನುಷ್ಯರ ಹೃದಯಗಳ ಮೇಲೆ ಬರೆಯುವ ಕರ್ತನು ನಮ್ಮ ಊರುಗಳ ಮೇಲೆಯೂ ತನ್ನ ಅಕ್ಷರವನ್ನು ತಿದ್ದಿ ತೀಡಲಿ. ಹತ್ತಿರದವರು ಓದಿ ಒಪ್ಪುವ, ದೂರದವರು ಓದಿ ಸಂತೋಷಪಡುವ ಪತ್ರವಾಗಿ ನಮ್ಮನ್ನು ಮಾಡಲಿ. ಆಮೆನ್.