ಕಾಣದ ಸರಕು, ಕಾಣದ ಮಾರಾಟಗಾರ

2000ನೇ ಇಸವಿಯಲ್ಲಿ ಇಬೇ ಜಾಲತಾಣದಲ್ಲಿ ದೊಡ್ಡದೊಂದು ಅಮೂರ್ತ ವರ್ಣಚಿತ್ರ ಹರಾಜಿಗೆ ಬಂತು. ಆರಂಭಿಕ ಬೆಲೆ 25 ಸೆಂಟ್. ಹೆಂಡತಿಗೆ ಹಿಡಿಸದೆ ಚಿತ್ರ ಗ್ಯಾರೇಜು ಸೇರಿದೆ, ಮಗುವಿನ ಸೈಕಲ್ಲು ತಗುಲಿ ತೂತೂ ಬಿದ್ದಿದೆ ಎಂದು ಮಾರುವವನು ಬರೆದಿದ್ದ. ಕಲಾವಿದನ ಹೆಸರನ್ನು ಎಲ್ಲೂ ಎತ್ತಿರಲಿಲ್ಲ. ಆದರೆ ಒಂದು ಫೋಟೊದಲ್ಲಿ ‘ಆರ್‌ಡಿ 52’ ಎಂಬ ಗುರುತು ಕಾಣುತ್ತಿತ್ತು. ಬಲ್ಲವರಿಗೆ ಅಷ್ಟು ಸಾಕಾಯಿತು. ಇದು ಕ್ಯಾಲಿಫೋರ್ನಿಯಾದ ಹೆಸರಾಂತ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಅವರ ಕೃತಿ, ಪಾಪ, ಮಾರುವವನಿಗೆ ಗೊತ್ತಿಲ್ಲ ಎಂದುಕೊಂಡು ಮುಗಿಬಿದ್ದರು. ಬೆಲೆ 1,35,805 ಡಾಲರ್‌ಗೆ ಏರಿತು. ಕೊನೆಗೆ ಗೊತ್ತಾದದ್ದು ಬೇರೆಯೇ. ಮಾರುತ್ತಿದ್ದವನು ವಕೀಲ, ಹೆಂಡತಿ, ಮಗು, ಸೈಕಲ್ಲು ಎಲ್ಲವೂ ಕಟ್ಟುಕತೆ. ಆ ಅಕ್ಷರಗಳನ್ನು ಬರೆದವನೂ ಅವನೇ, ಬೇರೆ ಹೆಸರಿನಲ್ಲಿ ತನ್ನ ಸರಕಿಗೆ ತಾನೇ ಬಿಡ್ ಕೂಗಿದವನೂ ಅವನೇ. ಇಬೇ ಮಾರಾಟವನ್ನು ರದ್ದು ಮಾಡಿತು. ಮರುವರ್ಷ ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ.

ಗಮನಿಸಬೇಕಾದ ಸಂಗತಿ ಒಂದಿದೆ. ‘ಇದು ಡೀಬೆನ್‌ಕಾರ್ನ್ ಚಿತ್ರ’ ಎಂದು ಅವನು ಹೇಳಿರಲೇ ಇಲ್ಲ. ಕೊಳ್ಳುವವರು ತಾವಾಗಿ ತಪ್ಪು ತಿಳಿಯುವಂತೆ ಮಾಡಿ ಸುಮ್ಮನಿದ್ದ. ಆ ಮೌನ ಸುಳ್ಳೇ? ಧರ್ಮಶಾಸ್ತ್ರಕಾರರೂ ತತ್ತ್ವಜ್ಞಾನಿಗಳೂ ಎರಡು ಸಾವಿರ ವರ್ಷಗಳಿಂದ ಜಗ್ಗಾಡಿದ ಪ್ರಶ್ನೆ ಇದು.

ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಚರ್ಚೆಯಿದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯ ತುಂಬಿದ ಹಡಗಿನೊಂದಿಗೆ ಬರುತ್ತಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದನ್ನು ಕಣ್ಣಾರೆ ಕಂಡಿದ್ದಾನೆ. ಊರಿನವರಿಗೆ ಅದನ್ನು ಹೇಳಬೇಕೋ, ಸುಮ್ಮನಿದ್ದು ಒಳ್ಳೆಯ ಬೆಲೆಗೆ ಮಾರಿಕೊಳ್ಳಬೇಕೋ? ಬ್ಯಾಬಿಲೋನಿನ ಡಯೋಜಿನಿಸ್ ಪ್ರಕಾರ ಕಾನೂನು ಕೇಳಿದಷ್ಟು ದೋಷಗಳನ್ನು ಹೇಳಿದರೆ ಸಾಕು. ಹೇಳದಿರುವುದೇ ಬೇರೆ, ಮರೆಮಾಚುವುದೇ ಬೇರೆ. ಅವನ ಶಿಷ್ಯ ಆಂಟಿಪೇಟರ್ ಇದನ್ನು ಒಪ್ಪಲಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಎಂಬುದು ಅವನ ನಿಲುವು. ಸಿಸೆರೊ ಶಿಷ್ಯನ ಪಕ್ಷ ವಹಿಸಿದ.

ಅದೇ ಗ್ರಂಥದ ಇನ್ನೊಂದು ಪ್ರಸಂಗ ಇಂದಿನ ನಕಲಿ ವಿಮರ್ಶೆಗಳ ಪೂರ್ವಜನಂತಿದೆ. ಸಿರಾಕ್ಯೂಸಿನ ಪಿಥಿಯಸ್ ಎಂಬ ಲೇವಾದೇವಿಗಾರನಿಗೆ ಕಡಲ ದಂಡೆಯಲ್ಲಿ ತೋಟವಿತ್ತು. ಕೊಳ್ಳಲು ಆಸೆಪಟ್ಟ ರೋಮಿನ ಕಾನಿಯಸ್‌ನನ್ನು ಊಟಕ್ಕೆ ಕರೆದ. ಅಂದು ತೋಟದ ಮುಂದೆಯೇ ಬಂದು ಬಲೆ ಬೀಸಬೇಕೆಂದು ಬೆಸ್ತರಿಗೆ ಮೊದಲೇ ಹೇಳಿಟ್ಟಿದ್ದ. ಅತಿಥಿಯ ಕಣ್ಣೆದುರು ದೋಣಿಗಳ ಸಾಲು. ಒಬ್ಬೊಬ್ಬನೂ ಮೀನು ತಂದು ಪಿಥಿಯಸ್‌ನ ಕಾಲ ಬಳಿ ಸುರಿದ. ಮೀನೆಲ್ಲ ಇಲ್ಲೇ ಸಿಗುವುದು ಎಂದ ಪಿಥಿಯಸ್. ಮರುಳಾದ ಕಾನಿಯಸ್ ಕೇಳಿದಷ್ಟು ಕೊಟ್ಟು ಕೊಂಡ. ಮರುದಿನ ಗೆಳೆಯರನ್ನು ಕರೆಸಿ ನೋಡಿದರೆ ಒಂದು ದೋಣಿಯೂ ಇಲ್ಲ. ಅಂದು ತಾನೇ ಬೇಗನೆ ಬಂದಿದ್ದ ಎನ್ನುವುದನ್ನು ಓದಿದಾಗ ಅವನ ಮೇಲೆ ಕನಿಕರವೇ ಹುಟ್ಟುತ್ತದೆ.

ಇನ್ನು ಆ ವಕೀಲ ಹರಾಜಿನಲ್ಲಿ ಕೂಗಿದಂಥ ಸುಳ್ಳು ಕೂಗಿಗೆ ಇಸ್ಲಾಮಿನಲ್ಲಿ ‘ನಜಶ್’ ಎಂಬ ಹೆಸರೇ ಇದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಕೂಗುವುದನ್ನು ಹದೀಸ್ ನಿಷೇಧಿಸುತ್ತದೆ. ಮನುಸ್ಮೃತಿಯ ಎಂಟನೇ ಅಧ್ಯಾಯ ಕಲಬೆರಕೆ ಸರಕು, ತೂಕ ಕಡಿಮೆಯಾದ ಸರಕುಗಳ ಜೊತೆಗೆ ದೂರದಲ್ಲಿರುವ, ಮರೆಯಲ್ಲಿರುವ ಸರಕನ್ನೂ ಮಾರಕೂಡದೆಂದು ಹೇಳುತ್ತದೆ. ಆ ನಿಯಮವನ್ನು ಅಕ್ಷರಶಃ ಹಿಡಿದರೆ ಆನ್‌ಲೈನ್ ಹರಾಜು ನಡೆಯುವಂತೆಯೇ ಇಲ್ಲ. ಅದರ ಒಳ ಆಶಯ ಮಾತ್ರ ಸ್ಪಷ್ಟ: ಕೊಳ್ಳುವವನಿಗೆ ನೋಡುವ ಹಕ್ಕಿದೆ.

ಆ ಹಕ್ಕಿನ ಬಗ್ಗೆ ವಿಸ್ತಾರವಾಗಿ ಬರೆದದ್ದು ಕರ್ನಾಟಕದ ನೆಲದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಕೊಂಡ ಮೇಲೆ ಪರೀಕ್ಷಿಸಿ ನೋಡಲು ಆ ಸ್ಮೃತಿ ಗಡುವು ಕೊಡುತ್ತದೆ: ಕಬ್ಬಿಣಕ್ಕೆ 1 ದಿನ, ಹಾಲು ಕೊಡುವ ರಾಸುಗಳಿಗೆ 3, ಹೊರೆ ಹೊರುವ ಪ್ರಾಣಿಗಳಿಗೆ 5, ರತ್ನಗಳಿಗೆ 7, ಬೀಜಕ್ಕೆ 10. ಒಂದೊಂದು ಸರಕಿನ ಗುಣ ತಿಳಿಯಲು ಎಷ್ಟು ಹೊತ್ತು ಬೇಕೆಂಬ ಅಂದಾಜಿನ ಮೇಲೆ ನಿಂತ ಲೆಕ್ಕ ಇದು. ಅದೇ ಪಟ್ಟಿಯಲ್ಲಿ ದಾಸದಾಸಿಯರಿಗೂ ಗಡುವಿದೆ ಎಂಬುದನ್ನು ಮುಚ್ಚಿಡಬಾರದು. ಆ ಕಾಲದ ಅನ್ಯಾಯ ಅದು. ಆದರೂ ಸರಕಿನ ಮಟ್ಟಿಗೆ ಈ ಶಾಸ್ತ್ರಕಾರರ ವಿವೇಕ ದೊಡ್ಡದು. ಪರೀಕ್ಷಿಸಿ ನೋಡುವುದನ್ನು ಅವರು ಮಾರುವವನಿಗೆ ಮಾಡಿದ ಅವಮಾನವೆಂದು ಬಗೆಯಲಿಲ್ಲ. ವ್ಯವಹಾರದ ಭಾಗವೆಂದೇ ಕಂಡರು.

1995ರಲ್ಲಿ ಇಬೇ ಕಟ್ಟಿದ ಪಿಯರ್ ಒಮಿಡ್ಯಾರ್ ಇನ್ನೊಂದು ತುದಿಯಿಂದ ಹೊರಟರು. ಜನ ಮೂಲತಃ ಒಳ್ಳೆಯವರು ಎಂಬುದು ಅವರ ನಂಬಿಕೆ. ಅಲ್ಲಿ ಮೊದಲು ಮಾರಾಟವಾದ ಸರಕು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಆದರೆ ಬರಿಯ ನಂಬಿಕೆ ಸಾಲದೆಂದು ಮರುವರ್ಷವೇ ಕೊಂಡವರು, ಮಾರಿದವರು ಪರಸ್ಪರ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂತು. ಕಾಲಕ್ರಮೇಣ ಅದಕ್ಕೂ ಹುಳುಕು ಹಿಡಿಯಿತು. ಕೊಂಡವನು ದೂರು ಬರೆದರೆ ಮಾರಿದವನು ಸೇಡಿಗೆ ಅವನ ಮೇಲೂ ಬರೆಯುತ್ತಿದ್ದ; ಆ ಹೆದರಿಕೆಗೆ ನಿಜ ಹೇಳುವವರೇ ಕಡಿಮೆಯಾದರು. 2008ರಲ್ಲಿ ಮಾರಾಟಗಾರರು ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವುದನ್ನು ಇಬೇ ನಿಲ್ಲಿಸಿತು. ಇಂಥ ವ್ಯವಸ್ಥೆಗೂ ಹುಳುಕು ಹಿಡಿಯುವುದರಿಂದ ನಕ್ಷತ್ರಗಳ ಎಣಿಕೆಗಿಂತ ದೂರುಗಳ ಒಕ್ಕಣೆ ಓದುವುದು ಮೇಲು. ಮಾರಾಟಗಾರ ತನ್ನ ಒಳ್ಳೆಯ ಹೆಸರನ್ನು ಐದು ರೂಪಾಯಿಯ ಸರಕು ಮಾರಿ ಗಳಿಸಿದ್ದಾನೋ, ಐವತ್ತು ಸಾವಿರದ ಸರಕು ಮಾರಿಯೋ ಎಂಬುದನ್ನೂ ನೋಡಬೇಕು.

ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳು ಗ್ರಾಹಕರ ಸೋಗಿನಲ್ಲಿ ಮಾರಾಟಗಾರರು ವಿಮರ್ಶೆ ಬರೆಯುವುದನ್ನು ನಿಷೇಧಿಸಿವೆ. ಪಿಥಿಯಸ್‌ನ ಬೆಸ್ತರಿಗೆ ಇಲ್ಲಿ ಜಾಗವಿಲ್ಲ. ಆದರೆ ಬ್ಯಾಂಕುಗಳು ಜಪ್ತಿ ಮಾಡಿದ ಮನೆ, ಸೈಟುಗಳ ಇ-ಹರಾಜಿನಲ್ಲಿ ಡಯೋಜಿನಿಸ್ ಇನ್ನೂ ಗೆಲ್ಲುತ್ತಿದ್ದಾನೆ. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನಡಿ ಮಾರಾಟ ನಡೆಯುತ್ತದೆ. ಗೆದ್ದವರು ಶೇ 25ರಷ್ಟು ಹಣವನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಬಾಕಿ ಕಟ್ಟದಿದ್ದರೆ ಕಟ್ಟಿದ ಹಣವೂ ಮುಟ್ಟುಗೋಲು. ಆದ್ದರಿಂದ ಬಿಡ್ ಕೂಗುವ ಮೊದಲೇ ಜಾಗಕ್ಕೆ ಹೋಗಿ ಬರಬೇಕು. ಒಳಗೆ ಯಾರಿದ್ದಾರೆ, ಬ್ಯಾಂಕಿನ ಸ್ವಾಧೀನ ನಿಜವಾದದ್ದೋ ಕಾಗದದ ಮೇಲಿನದ್ದೋ, ಕಂದಾಯ ಬಾಕಿ ಎಷ್ಟು ಎಂದು ವಿಚಾರಿಸಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಬೇಕು.

ಬಳಸಿದ ಸಾಮಾನಿನ ತಾಣಗಳಲ್ಲಿ ಅಪಾಯ ಎರಡೂ ಕಡೆಯಿಂದ ಬರುತ್ತದೆ. ‘ಸೈನಿಕ ನಾನು, ವರ್ಗವಾಗಿದೆ, ಮುಂಗಡ ಕಳಿಸಿ’ ಎಂದು ಮಾರುವ ವೇಷದವರು ಬರುತ್ತಾರೆ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ನಿಮಗೇ ಬರುತ್ತದೆ’ ಎಂದು ಕೊಳ್ಳುವ ವೇಷದವರೂ ಬರುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ತಾಣದ ಹೊರಗೆ ಹಣ ಕಟ್ಟಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಮೋಸ ಆಗಿಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಎಚ್ಚರಿಕೆಯ ಭಾರವನ್ನೆಲ್ಲ ಕೊಳ್ಳುವವರ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ. ಇಂದು ಕೊಳ್ಳುವವರೇ ನಾಳೆ ಹಳೆಯ ಫೋನು, ಸ್ಕೂಟರು ಮಾರುವವರು. ನಿಮ್ಮ ಸರದಿ ಬಂದಾಗ ಪರದೆಯ ಬಿರುಕು, ಬ್ಯಾಟರಿಯ ದೋಷ, ಬಿದ್ದ ಗುರುತು ಇವುಗಳನ್ನು ಮೊದಲ ಫೋಟೊದಲ್ಲೇ ತೋರಿಸಿ, ಮೊದಲ ಸಾಲಿನಲ್ಲೇ ಬರೆಯಿರಿ.